ಗೋಡೆಯ ಮೇಲಿನ ಹುಲುಗಪ್ಪ

ಶಿಷ್ಯ ಕೇಳಿದ: "ಗುರುಗಳೇ, ಈಗೀಗ ಧ್ಯಾನಕ್ಕೆ ಕೂತು ಕಣ್ಣು ಮುಚ್ಚಿದರೆ ಸಾಕು, ದೇವರು ಎದುರಿಗೆ ಬಂದು ಕೂರುತ್ತಾನೆ. ಮುಖ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಹೀಗಿರಲಿಲ್ಲ. ಎಷ್ಟೋ ಕಾಲ ಬರೀ ಕತ್ತಲೆ ನೋಡಿದ್ದೇನೆ. ಇನ್ನು ನಾನು ನಿಶ್ಚಿಂತನಾಗಿರಬಹುದೇ?"

ಗುರುಗಳು, "ಕೂತುಕೋ, ಒಂದು ಕತೆ ಹೇಳುತ್ತೇನೆ," ಎಂದರು. "ಇದರಲ್ಲಿ ಒಬ್ಬನ ಹೆಸರು ಮಾತ್ರ ಬೇಕಾಗುತ್ತದೆ. ಉಳಿದವರು ಹೆಸರಿಲ್ಲದೆಯೇ ಬಂದು ಹೋಗುತ್ತಾರೆ."

ಒಬ್ಬ ಫೋಟೋಗ್ರಾಫರ್ ಇದ್ದ. ಅವನಿಗೆ ಅಂಗಡಿ ಇರಲಿಲ್ಲ. ಮೂರು ಕಾಲಿನ ಮೇಲೆ ನಿಲ್ಲುವ ಕ್ಯಾಮೆರಾ, ಕರಿ ಬಟ್ಟೆ, ಗಾಜಿನ ಪ್ಲೇಟುಗಳ ಪೆಟ್ಟಿಗೆ, ಔಷಧದ ಸೀಸೆಗಳು, ಇಷ್ಟನ್ನು ಬೆನ್ನಿಗೂ ಹೆಗಲಿಗೂ ಹೇರಿಕೊಂಡು ಊರಿಂದ ಊರಿಗೆ ಹೋಗುತ್ತಿದ್ದ. ಆ ಕಾಲದ ಫೋಟೋಗಳಲ್ಲಿ ಬಣ್ಣ ಇರಲಿಲ್ಲ. ಕಪ್ಪು, ಬಿಳುಪು, ಎರಡರ ನಡುವಿನ ಬೂದಿ. ಮದುವಣಗಿತ್ತಿಯನ್ನೂ, ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿದ ಗೌಡನನ್ನೂ ಅವನು ಅದೇ ಬೂದಿಯಲ್ಲಿ ತೆಗೆಯುತ್ತಿದ್ದ. ಪಟ ಕೈಗೆ ಬಂದಾಗ ಇಬ್ಬರೂ ಒಂದೇ ಊರಿನವರ ಹಾಗೆ ಕಾಣುತ್ತಿದ್ದರು.

ಅವನಿಗೊಂದು ಅಭ್ಯಾಸವಿತ್ತು. ದಾರಿಯಲ್ಲಿ ಸಿಕ್ಕವರ ಮುಖ ಹಿಡಿಸಿದರೆ ಯಾರೂ ಕೇಳದಿದ್ದರೂ ನಿಲ್ಲಿಸಿ ಪಟ ತೆಗೆಯುತ್ತಿದ್ದ. ಒಂದು ಬೇಸಗೆಯಲ್ಲಿ, ಬಯಲಿನ ನಡುವಿನ ಬಾವಿಕಟ್ಟೆಯ ಮೇಲೆ ಒಬ್ಬ ಕಂಬಳಿ ಮಾರುವವನು ಕೂತಿದ್ದ. ಕಂಬಳಿಯ ಗಂಟು ಪಕ್ಕದಲ್ಲಿತ್ತು.

"ನಿನ್ನದೊಂದು ಪಟ ತೆಗೆಯಲಾ?" ಎಂದು ಫೋಟೋಗ್ರಾಫರ್ ಕೇಳಿದ.

"ಯಾರು ನೋಡಲಿ ಅಂತ?"

"ನಿನ್ನ ಮನೆಯವರು ನೋಡುತ್ತಾರೆ."

"ಮನೆಯವರು ಅನ್ನುವವರು ನನಗಿಲ್ಲ," ಎಂದ ಕಂಬಳಿಯವನು. "ಹೊತ್ತು ಮುಳುಗಿದ ಕಡೆ ಮಲಗುತ್ತೇನೆ. ತೆಗೆಯುವುದಾದರೆ ತೆಗೆ. ನನಗೆ ಅದರಿಂದ ಬರುವುದೂ ಇಲ್ಲ, ಹೋಗುವುದೂ ಇಲ್ಲ."

ಫೋಟೋಗ್ರಾಫರ್ ತೆಗೆದ. ಒಬ್ಬ ಪಶ್ಚಿಮಕ್ಕೆ ಹೋದ, ಇನ್ನೊಬ್ಬ ಪೂರ್ವಕ್ಕೆ.

ಆ ವರ್ಷದ ಮಳೆಗಾಲದಲ್ಲಿ ಫೋಟೋಗ್ರಾಫರ್ ದೊಡ್ಡ ಹೊಳೆಯೊಂದರ ದಂಡೆಯ ಊರಿಗೆ ಬಂದ. ಹೊಳೆ ದಾಟಿ ಆಚೆಯ ಸೀಮೆಗೆ ಹೋಗಬೇಕಿತ್ತು. ಮೇಲೆಲ್ಲೋ ಮಳೆ ಬಿದ್ದು ಹೊಳೆ ತುಂಬಿ ಬಂತು. ನೀರು ಇಳಿಯುವ ತನಕ ಹರಿಗೋಲು ಹಾಕುವುದಿಲ್ಲ ಎಂದು ಅಂಬಿಗರು ಹೇಳಿದರು. ಉಳಿಯಲು ಅವನನ್ನು ದಂಡೆಯ ಮೇಲಿನ ಒಂದು ಮನೆಗೆ ಕಳಿಸಿದರು.

ಆ ಮನೆಯಲ್ಲಿ ಇದ್ದವರು ಒಬ್ಬ ಮುದುಕಿ, ಅವಳ ಸೊಸೆ, ಆಗತಾನೆ ನಡೆಯಲು ಕಲಿತ ಒಂದು ಹೆಣ್ಣು ಕೂಸು. ಮನೆಯ ಗಂಡಸಿನ ಹೆಸರು ಹುಲುಗಪ್ಪ. ಅವನೂ ಅಂಬಿಗನೇ. ಹಿಂದಿನ ಮಳೆಗಾಲದಲ್ಲಿ ಅವನ ಹರಿಗೋಲನ್ನು ಹೊಳೆ ಎಳೆದುಕೊಂಡು ಹೋಗಿತ್ತು. ಹರಿಗೋಲು ಕೆಳಗಿನ ಊರಿನಲ್ಲಿ ಮಗುಚಿಕೊಂಡು ಸಿಕ್ಕಿತು. ಅವನು ಸಿಗಲಿಲ್ಲ.

ಅತಿಥಿ ಫೋಟೋ ತೆಗೆಯುವವನು ಎಂದು ತಿಳಿದ ಮೇಲೆ ಮುದುಕಿ ಅವನ ಹಿಂದೆ ಬಿದ್ದಳು.

"ಯಪ್ಪಾ, ನನ್ನ ಮಗನದೊಂದು ಪಟ ಮಾಡಿಕೊಡು."

"ಇಲ್ಲದವರ ಪಟ ತೆಗೆಯಲು ಆಗುವುದಿಲ್ಲ ತಾಯಿ."

"ಇದ್ದವರ ಪಟ ಯಾರಿಗೆ ಬೇಕು? ಇದ್ದವರನ್ನು ಕಣ್ಣಾರೆ ನೋಡಿದರೆ ಆಯಿತು," ಎಂದಳು ಮುದುಕಿ. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಅವನ ಮುಖ ನನ್ನಿಂದ ಜಾರಿ ಹೋಗುತ್ತಿದೆಯಪ್ಪಾ. ಮೊನ್ನೆಯವರೆಗೆ ಕಣ್ಣು ನೆನಪಿತ್ತು. ಇವತ್ತು ಹುಡುಕಿದರೆ ಕಣ್ಣೂ ಇಲ್ಲ. ಹೆತ್ತವಳು ನಾನು. ಯಾರ ಹತ್ತಿರ ಹೇಳಲಿ?"

ಹೊಳೆ ಇಳಿಯಲಿಲ್ಲ. ಫೋಟೋಗ್ರಾಫರ್ ಅವರ ರೊಟ್ಟಿ ತಿನ್ನುತ್ತ, ಅವರ ಕಂಬಳಿ ಹೊದೆಯುತ್ತ ಅಲ್ಲೇ ಉಳಿದ. ಮುದುಕಿ ಅವನ ಮುಂದೆ ತಟ್ಟೆ ಇಡುವಾಗಲೆಲ್ಲ ಮುಖ ನೋಡುತ್ತಿದ್ದಳು, ಏನನ್ನೂ ಕೇಳುತ್ತಿರಲಿಲ್ಲ. ಕೊನೆಗೆ ಅವನೇ ತನ್ನ ಪೆಟ್ಟಿಗೆ ತೆರೆದು ಹಳೆಯ ಪಟಗಳನ್ನು ಅವಳ ಮುಂದೆ ಹರಡಿದ.

"ನಿನ್ನ ಮಗನ ಹಣೆ ಹೇಗಿತ್ತು, ಮೂಗು ಹೇಗಿತ್ತು, ಇದರಲ್ಲಿ ತೋರಿಸು. ನೋಡೋಣ."

ಮುದುಕಿ ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟಳು. ಕಂಬಳಿ ಮಾರುವವನ ಪಟ ಬಂದಾಗ ಅದನ್ನು ಬಾಗಿಲಿನ ಬೆಳಕಿಗೆ ಹಿಡಿದಳು.

"ಇವನು ಯಾರು?"

"ದಾರಿಯಲ್ಲಿ ಸಿಕ್ಕವನು."

"ಸ್ವಲ್ಪ ನನ್ನ ಹುಲುಗನ ಹಾಗೆಯೇ ಇದ್ದಾನೆ," ಎಂದಳು.

ಸ್ವಲ್ಪ ಎಂದದ್ದು ಮುದುಕಿ. ಉಳಿದದ್ದನ್ನು ಮಾಡಿದವನು ಫೋಟೋಗ್ರಾಫರ್.

ಅವನು ಕಂಬಳಿಯವನ ಪಟ ಇಳಿಸಿದ್ದ ಮೂಲ ಗಾಜಿನ ಪ್ಲೇಟನ್ನು ಹುಡುಕಿ ತೆಗೆದ. ಬಾವಿಯೂ ಕಂಬಳಿಯ ಗಂಟೂ ಕಾಣದ ಹಾಗೆ ಅಂಚಿಗೆ ಕರಿ ಕಾಗದ ಹಚ್ಚಿದ. ಎಡ ಹುಬ್ಬಿನ ಮೇಲೆ ಹುಟ್ಟುಗೋಲು ಬಡಿದ ಗಾಯದ ಕಲೆ ಇತ್ತು ಎಂದು ಮುದುಕಿ ಹೇಳಿದಳು. ಚೂಪಾದ ಸೀಸದ ಕಡ್ಡಿಯಿಂದ ಪ್ಲೇಟಿನ ಮೇಲೆ ಆ ಕಲೆಯನ್ನು ಬರೆದ. ನಗುವಾಗ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಗುತ್ತಿತ್ತು ಎಂದಳು. ಅದನ್ನೂ ತಿದ್ದಿದ. ಕೆಲಸ ಚೆನ್ನಾಗಿ ಬರುತ್ತಿತ್ತು. ಕೆಲಸ ಚೆನ್ನಾಗಿ ಬರುವಾಗ ಯಾರೂ ಕೈ ನಿಲ್ಲಿಸುವುದಿಲ್ಲ.

ಅಡುಗೆಮನೆಯ ಬೆಳಕಿಂಡಿಗೆ ಗೋಣಿ ತುಂಬಿ ಹಗಲಲ್ಲೇ ಕತ್ತಲೆ ಮಾಡಿದ. ದೀಪಕ್ಕೆ ಕೆಂಪು ಬಟ್ಟೆ ಸುತ್ತಿದ. ಅತ್ತೆ ಸೊಸೆ ಇಬ್ಬರೂ ಪರಾತದ ಎದುರು ಕೂತರು. ಪರಾತದಲ್ಲಿ ಔಷಧದ ನೀರಿತ್ತು. ಪ್ಲೇಟಿನಡಿ ಇಟ್ಟು ಬೆಳಕು ತೋರಿಸಿದ ಬಿಳಿ ಕಾಗದವನ್ನು ಅದರೊಳಗೆ ಬಿಟ್ಟ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೀರಿನ ಅಡಿಯಿಂದ ಮೊದಲು ಹುಬ್ಬು ಬಂತು. ನಂತರ ಕಣ್ಣು. ನಂತರ ಬಾಯಿ.

ಮುದುಕಿ ನೆಲಕ್ಕೆ ಹಣೆ ಹಚ್ಚಿ, "ಬಂದ, ನೀರಿನಿಂದ ಎದ್ದು ಬಂದ," ಎಂದು ಅತ್ತಳು.

ಸೊಸೆ ಅಳಲಿಲ್ಲ. ಬಹಳ ಹೊತ್ತು ನೋಡಿ, ಅತ್ತೆಗೆ ಕೇಳಿಸದ ಹಾಗೆ, "ಕಿವಿ ಅವರದಲ್ಲ," ಎಂದಳು. "ಅವರ ಕಿವಿ ಸಣ್ಣವು."

"ಕಿವಿಯನ್ನು ಯಾರು ನೋಡುತ್ತಾರಮ್ಮಾ," ಎಂದ ಫೋಟೋಗ್ರಾಫರ್. ಕಾಗದ ಒಣಗಿದ ಮೇಲೆ ಎರಡೂ ಕಿವಿಗಳ ಮೇಲೆ ಕುಂಚದಿಂದ ನೆರಳು ಎಳೆದ.

ಪಟ ಗೋಡೆಗೆ ಏರಿತು. ಮುದುಕಿ ಅದಕ್ಕೆ ಕುಂಕುಮ ಹಚ್ಚಿ, ಮುಂದೆ ಹಣತೆ ಇಟ್ಟಳು. ಕೂಸನ್ನು ಎತ್ತಿ ಹಿಡಿದು, "ನೋಡು, ಅಪ್ಪ," ಎಂದು ತೋರಿಸಿದಳು. ಹೊಳೆ ಇಳಿಯಿತು. ಫೋಟೋಗ್ರಾಫರ್ ದಾಟಿಕೊಂಡು ಹೋದ. ಆಚೆಯ ದಡ ಮುಟ್ಟುವ ಹೊತ್ತಿಗೆ ಆ ಮನೆ ಅವನ ಮನಸ್ಸಿನಿಂದ ಹೋಗಿತ್ತು.

ಹಲವು ವರ್ಷ ಕಳೆದವು. ಅವನು ಬಂದರುಗಳಿಗೆ ಹೋದ, ಗಣಿಗಳಿಗೆ ಹೋದ, ಕೋಟೆಗಳಿಗೆ ಹೋದ. ಸಾವಿರಾರು ಮುಖ ತೆಗೆದ. ಒಮ್ಮೆ ಹಿಂತಿರುಗಿ ಬರುವಾಗ ಅದೇ ಹೊಳೆ ಅಡ್ಡ ಬಂತು. ಬೇಸಗೆಯ ಹೊಳೆ, ನೀರು ಶಾಂತವಾಗಿತ್ತು. ಹರಿಗೋಲು ಹಾಕುವವನು ಒಬ್ಬ ಸೊರಗಿದ ಮನುಷ್ಯ. ದಾಟಿಸುವ ತನಕ ಅವನು ತಲೆ ತಗ್ಗಿಸಿ ಹುಟ್ಟು ಹಾಕುತ್ತಲೇ ಇದ್ದ.

ಈಚೆಯ ದಡದಲ್ಲಿ ಒಬ್ಬ ಹುಡುಗಿ ಪಾತ್ರೆ ತೊಳೆಯುತ್ತಿದ್ದಳು. ಕ್ಯಾಮೆರಾದ ಮೂರು ಕಾಲು ನೋಡಿ ಎದ್ದು ನಿಂತಳು.

"ಅಪ್ಪನ ಪಟ ಮಾಡಿಕೊಟ್ಟವರು ನೀವೇ ಏನು? ಅಜ್ಜಿ ಹೇಳುತ್ತಿರುತ್ತಾಳೆ. ಮನೆಗೆ ಬನ್ನಿ. ಅಪ್ಪ ಬಂದಿದ್ದಾನೆ."

"ಯಾರು ಬಂದಿದ್ದಾನೆ?"

"ಅಪ್ಪ. ನಾನೇ ಮೊದಲು ಗುರುತು ಹಿಡಿದದ್ದು," ಎಂದಳು ಹುಡುಗಿ. ಅವಳ ಮುಖ ಅರಳಿತ್ತು. "ಸಂತೆಯ ದಾರಿಯಲ್ಲಿ ಹೋಗುತ್ತಿದ್ದ. ನಾನು ಓಡಿ ಹೋಗಿ ಕೈ ಹಿಡಿದೆ."

ಫೋಟೋಗ್ರಾಫರ್‌ಗೆ ಸಂತೋಷವೇ ಆಯಿತು. ಹೊಳೆ ಕೊಂಡುಹೋದವನನ್ನು ಹೊಳೆಯೇ ತಂದುಕೊಟ್ಟಿತು ಎಂದುಕೊಂಡು ಹುಡುಗಿಯ ಹಿಂದೆ ನಡೆದ. ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬ ಗಂಡಸು ಕೂತು ಬಲೆ ಹೆಣೆಯುತ್ತಿದ್ದ. ತಲೆ ಎತ್ತಿ ನೋಡಿದ.

ಬಾವಿಕಟ್ಟೆಯ ಮೇಲೆ ಕೂತಿದ್ದ ಕಂಬಳಿಯವನು ಅವನು.

ಎಡ ಹುಬ್ಬಿನ ಮೇಲೆ ಕಲೆ ಇತ್ತು.

ಫೋಟೋಗ್ರಾಫರ್ ಹೆಗಲಿನ ಹೊರೆ ಇಳಿಸುವುದನ್ನು ಮರೆತು ನಿಂತ. ಹುಡುಗಿ ಅಜ್ಜಿಯನ್ನು ಕರೆಯಲು ಒಳಗೆ ಓಡಿದಳು. ಕಟ್ಟೆಯ ಮೇಲಿದ್ದವನು ಬಲೆಯನ್ನು ಕೆಳಗಿಟ್ಟ.

"ನನಗೂ ನಿನ್ನ ಗುರುತು ಸಿಕ್ಕಿತು," ಎಂದ.

"ನೀನು ಇಲ್ಲಿ ಹೇಗೆ?"

"ಕಂಬಳಿ ಮಾರಿಕೊಂಡು ಈ ದಾರಿಯಲ್ಲಿ ಬಂದೆ. ಆ ಕೂಸು ಓಡಿ ಬಂದು ಅಪ್ಪಾ ಅಂತ ಕೈ ಹಿಡಿಯಿತು. ನಾನು ಅವನಲ್ಲ ಅಂತ ಹೇಳಿದೆ. ಒಂದು ಸಲ ಅಲ್ಲ, ಬೇಕಾದಷ್ಟು ಸಲ ಹೇಳಿದೆ. ಆಮೇಲೆ ಅವರು ಒಳಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದರು." ಅವನು ಬಾಗಿಲಿನ ಕಡೆ ಬೆರಳು ಮಾಡಿದ. "ನೋಡಿದೆ. ಅಲ್ಲಿ ನಾನೇ ಇದ್ದೆ. ಮುಂದೆ ದೀಪ ಉರಿಯುತ್ತಿತ್ತು. ನಾನು ಆ ಮನೆಯ ಹೊಸ್ತಿಲು ದಾಟುವ ಮೊದಲೇ ನಾನು ಒಳಗಿದ್ದೆ. ಇನ್ನು ಏನಂತ ಹೇಳಲಿ?"

"ಆ ಕಲೆ?"

ಅವನು ಹುಬ್ಬನ್ನು ಮುಟ್ಟಿಕೊಂಡ.

"ಮೊದಲ ದಿನ ಅವರೂ ಹುಡುಕಿದರು. ಇರಲಿಲ್ಲ. ಆಮೇಲೆ ಬಂತು."

ಹೇಗೆ ಬಂತು ಎಂದು ಫೋಟೋಗ್ರಾಫರ್ ಕೇಳಲಿಲ್ಲ. ಅಷ್ಟರಲ್ಲಿ ಮುದುಕಿ ಹೊರಗೆ ಬಂದು ಅವನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ನೀನು ಮುಖ ಕೊಟ್ಟೆ. ಆ ಮುಖ ಹಿಡಿದುಕೊಂಡು ಮಗ ದಾರಿ ಹುಡುಕಿ ಬಂದ," ಎಂದಳು. ಅವನು ನೀರನ್ನೂ ಕುಡಿಯದೆ, ಬೇಗ ಹೋಗಬೇಕು ಎಂದು ಹೇಳಿ ಹೊಳೆಯ ಕಡೆ ನಡೆದುಬಿಟ್ಟ. ತಾನು ಬಂದದ್ದು ಆಚೆಯಿಂದ, ಹೋಗಬೇಕಾದದ್ದು ಈಚೆಗೆ ಎಂಬುದೂ ಅವನಿಗೆ ಆಗ ನೆನಪಿರಲಿಲ್ಲ.

ಹರಿಗೋಲು ದಂಡೆಯಲ್ಲೇ ಇತ್ತು. ಸೊರಗಿದ ಅಂಬಿಗ ಅದರ ಪಕ್ಕದಲ್ಲಿ ಕೂತು ಮಣ್ಣಿನ ಬೋಗುಣಿಯಿಂದ ಅಂಬಲಿ ಕುಡಿಯುತ್ತಿದ್ದ. ಫೋಟೋಗ್ರಾಫರ್ ಹತ್ತಿ ಕೂತ. ಹರಿಗೋಲು ನಡು ಹೊಳೆಗೆ ಬಂದಾಗ ಅಂಬಿಗ ಹುಟ್ಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹರಿಗೋಲು ಮೆಲ್ಲಗೆ ಸುತ್ತತೊಡಗಿತು.

"ನಮ್ಮ ಮನೆಯ ಪಟ ಮಾಡಿದವರು ನೀವಂತೆ," ಎಂದ ಅಂಬಿಗ.

ಫೋಟೋಗ್ರಾಫರ್ ಅವನ ಮುಖವನ್ನು ಆಗ ನೋಡಿದ. ಎಡ ಹುಬ್ಬಿನ ಮೇಲೆ ಹಳೆಯ ಕಲೆ ಇತ್ತು. ಬಾಯಿಯ ಒಂದು ಮೂಲೆ ಮೇಲಕ್ಕಿತ್ತು. ಕಿವಿಗಳು ಸಣ್ಣವಾಗಿದ್ದವು.

"ನೀನು ಹುಲುಗಪ್ಪ," ಎಂದ.

"ಹೌದು. ಆದರೆ ಆ ಹೆಸರಿನಿಂದ ಈಗ ಇನ್ನೊಬ್ಬನನ್ನು ಕರೆಯುತ್ತಾರೆ."

ಹುಲುಗಪ್ಪ ತನ್ನ ಕತೆಯನ್ನು ಹೇಳಿದ. ಹೊಳೆ ಅವನನ್ನು ಬಹಳ ದೂರ ಒಯ್ದು ಬೇರೊಬ್ಬ ಅರಸನ ಸೀಮೆಯಲ್ಲಿ ಎಸೆದಿತ್ತು. ಅಲ್ಲಿ ಆ ದಿನಗಳಲ್ಲಿ ದರೋಡೆ ನಡೆದಿತ್ತು. ಮೈಮೇಲೆ ಬಟ್ಟೆಯಿಲ್ಲದೆ, ಗಾಯಗಳೊಂದಿಗೆ, ಗುರುತು ಹೇಳುವವರಿಲ್ಲದೆ ಸಿಕ್ಕವನನ್ನು ಅಲ್ಲಿಯವರು ದರೋಡೆಗಾರನೆಂದು ಹಿಡಿದು ಸೆರೆಗೆ ಹಾಕಿದರು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಅವನ ಊರಿನ ಹೆಸರನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ವರ್ಷಗಳ ಮೇಲೆ ಬಿಟ್ಟರು. ನಡೆದು ಊರಿಗೆ ಬಂದ. ಅವನು ಬರುವ ಹಿಂದಿನ ವರ್ಷವೇ ಕಂಬಳಿಯವನು ಬಂದಿದ್ದ.

"ಮನೆ ಮುಂದೆ ನಿಂತು ಯವ್ವಾ ಅಂತ ಕರೆದೆ. ಅವ್ವ ಹೊರಗೆ ಬಂದು ಯಾರಪ್ಪಾ ಅಂದಳು. ನಾನವ್ವಾ, ಹುಲುಗ ಅಂದೆ. ಅವ್ವ ನನ್ನ ಮುಖ ನೋಡಿದಳು. ಹಿಂದಕ್ಕೆ ತಿರುಗಿ ಗೋಡೆ ನೋಡಿದಳು. ಮತ್ತೆ ನನ್ನನ್ನು ನೋಡಿ, ಹಸಿದು ಬಂದಿದ್ದೀಯ, ಉಂಡು ಹೋಗಪ್ಪಾ ಅಂದಳು."

"ಊರವರು?"

"ಊರವರು ಪಟ ತಂದು ನನ್ನ ಮುಖದ ಪಕ್ಕಕ್ಕೆ ಹಿಡಿದರು. ಹೊಂದಲಿಲ್ಲ. ಕಲೆ ತೋರಿಸಿದೆ. ಅಪ್ಪ ಸತ್ತ ದಿನ ಏನೇನಾಯಿತು ಅಂತ ಹೇಳಿದೆ. ನನ್ನ ಮಗಳ ಬೆನ್ನಿನ ಮಚ್ಚೆ ಎಲ್ಲಿದೆ ಅಂತ ಹೇಳಿದೆ. ಅವರಿಗೆ ಭಯ ಹೆಚ್ಚಾಯಿತು. ಹೊಳೆಯಲ್ಲಿ ಹೋದವರ ನೆನಪು ಹೊಳೆಯಲ್ಲೇ ಉಳಿಯುತ್ತದೆ, ಹೊಳೆಯ ದೆವ್ವಕ್ಕೆ ಎಲ್ಲಾ ಗೊತ್ತಿರುತ್ತದೆ ಅಂದರು. ನನ್ನ ಮಗಳು ಮನೆಯಲ್ಲಿದ್ದವನ ಹಿಂದೆ ಅಡಗಿಕೊಂಡಳು."

"ಆದರೂ ಇಲ್ಲೇ ಇದ್ದೀಯಲ್ಲ."

"ಎಲ್ಲಿಗೆ ಹೋಗಲಿ? ಈ ಹೊಳೆಯ ಸುಳಿಗಳು ನನಗೆ ಗೊತ್ತಿದ್ದ ಹಾಗೆ ಬೇರೆ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿರುವವನಿಗೆ ನೀರು ಕಂಡರೆ ಭಯ. ಮುಳುಗಿ ಬಂದವನಿಗೆ ಭಯ ಇರುವುದೇ ಅಂತ ಅದಕ್ಕೂ ಊರವರು ಕಾರಣ ಹೇಳುತ್ತಾರೆ. ದಾಟಿಸಲು ಯಾರಾದರೂ ಬೇಕಿತ್ತು. ದಡದ ಮೇಲೆ ಇರು, ಹೊಸ್ತಿಲು ಮಾತ್ರ ತುಳಿಯಬೇಡ ಅಂದರು. ಇದ್ದೇನೆ. ದಿನಾ ಅಂಬಲಿ ಇಸಿದುಕೊಳ್ಳಲು ಹೋದಾಗ ಬಾಗಿಲಲ್ಲಿ ನಿಂತು ಗೋಡೆ ನೋಡುತ್ತೇನೆ."

ಹರಿಗೋಲು ನೀರಿನ ಮೇಲೆ ಸುತ್ತುತ್ತಲೇ ಇತ್ತು. ಫೋಟೋಗ್ರಾಫರ್ ಅದರ ಅಂಚು ಹಿಡಿದು ಊರಿನ ಕಡೆ ತಿರುಗಿದ.

"ಹಿಂದಕ್ಕೆ ತಿರುಗಿಸು," ಎಂದ.

ಅವನು ನೇರವಾಗಿ ಊರಿನ ಹಿರಿಯರನ್ನು ಕರೆದ. ಮುದುಕಿ, ಸೊಸೆ, ಹುಡುಗಿ, ಮನೆಯಲ್ಲಿದ್ದವನು ಎಲ್ಲರೂ ಬಂದರು. ಹುಲುಗಪ್ಪ ಅಂಗಳದ ಆಚೆಗೇ ನಿಂತ. ಫೋಟೋಗ್ರಾಫರ್ ನಡೆದದ್ದನ್ನು ನಡೆದ ಹಾಗೆ ಹೇಳಿದ. ಗೋಡೆಯ ಮೇಲಿರುವುದು ಹುಲುಗಪ್ಪನಲ್ಲ, ದಾರಿಯಲ್ಲಿ ಸಿಕ್ಕ ಕಂಬಳಿ ಮಾರುವವನು ಎಂದ. ಮಾತು ಸಾಲದೆಂದು ಪೆಟ್ಟಿಗೆಯಿಂದ ಆ ಹಳೆಯ ಪ್ಲೇಟನ್ನು ತೆಗೆದ. ಕರಿ ಕಾಗದ ಕಿತ್ತು, ಮತ್ತೊಂದು ಪಟ ಇಳಿಸಿ ಅವರ ಕೈಗೆ ಕೊಟ್ಟ. ಅದರಲ್ಲಿ ಬಾವಿ ಇತ್ತು. ಕಂಬಳಿಯ ಗಂಟು ಇತ್ತು.

ಹಿರಿಯರು ಅದನ್ನು ಕೈಯಿಂದ ಕೈಗೆ ಸಾಗಿಸಿದರು.

"ಇದರಲ್ಲಿಯೂ ಹುಬ್ಬಿನ ಮೇಲೆ ಕಲೆ ಇದೆಯಲ್ಲ," ಎಂದ ಒಬ್ಬ.

"ಅದನ್ನು ನಾನು ಸೀಸದ ಕಡ್ಡಿಯಿಂದ ಬರೆದೆ."

ಹಿರಿಯ ಮನೆಯಲ್ಲಿದ್ದವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ.

"ಹಾಗಾದರೆ ಇದನ್ನೂ ನೀನೇ ಬರೆದೆಯಾ?"

ಫೋಟೋಗ್ರಾಫರ್ ಕಂಬಳಿಯವನ ಕಡೆ ನೋಡಿದ. ನಿಜ ಹೇಳಬಲ್ಲವನು ಅವನೊಬ್ಬನೇ ಇದ್ದ. ಹುಡುಗಿ ಅವನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಕಂಬಳಿಯವನು ನೆಲ ನೋಡುತ್ತ, "ನಾನು ಹಿಂದೆ ಹೇಳಿದ್ದೆ," ಎಂದ. "ಈಗ ನನಗೂ ಸರಿಯಾಗಿ ನೆನಪಿಲ್ಲ." ಅವನು ಸುಳ್ಳು ಹೇಳುತ್ತಿರುವಂತೆ ಕಾಣಲಿಲ್ಲ.

ಮುದುಕಿ ಹೊಸ ಪಟವನ್ನು ಇಸಿದುಕೊಂಡು ಬಾವಿಯ ಮೇಲೆ, ಗಂಟಿನ ಮೇಲೆ ಬೆರಳಾಡಿಸಿದಳು. ಕಣ್ಣಲ್ಲಿ ನೀರು ಬಂತು.

"ಪಾಪ, ಆ ವರ್ಷಗಳಲ್ಲಿ ನನ್ನ ಮಗ ಎಲ್ಲಿದ್ದ, ಏನು ಮಾಡಿಕೊಂಡಿದ್ದ ಅಂತ ಇಷ್ಟು ದಿನ ತಿಳಿದಿರಲಿಲ್ಲ," ಎಂದಳು. "ಕಂಬಳಿ ಹೊತ್ತು ಬದುಕಿದ್ದಾನೆ."

ಆ ಪಟವೂ ಗೋಡೆಗೆ ಏರಿತು.

ಜನ ಚದುರಿದರು. ಫೋಟೋಗ್ರಾಫರ್ ದಂಡೆಯ ಮೇಲೆ ಕೂತಿದ್ದಾಗ ಸೊಸೆ ಕೊಡ ಹಿಡಿದುಕೊಂಡು ನೀರಿಗೆ ಬಂದಳು. ಸುತ್ತ ಯಾರೂ ಇರಲಿಲ್ಲ. ಕೊಡವನ್ನು ತುಂಬಿಸದೆ ನಿಂತಳು.

"ನಿಮಗೆ ಗೊತ್ತಿತ್ತು," ಎಂದ ಫೋಟೋಗ್ರಾಫರ್. "ಅವತ್ತು ಕಿವಿ ಅವರದಲ್ಲ ಅಂದವರು ನೀವು."

"ಗೊತ್ತಿತ್ತು."

"ಆ ಮನುಷ್ಯ ಬಂದಾಗ ಯಾಕೆ ಹೇಳಲಿಲ್ಲ?"

"ಅವತ್ತು ಅತ್ತೆ ಹೊಟ್ಟೆ ತುಂಬ ಉಂಡರು. ಎಷ್ಟೋ ವರ್ಷದ ಮೇಲೆ. ಮಗಳು ಊರೆಲ್ಲ ಓಡಾಡಿ ಹೇಳಿಕೊಂಡು ಬಂದಳು. ಯಾವ ಬಾಯಿಂದ ಹೇಳಲಿ?"

"ಹುಲುಗಪ್ಪ ಬಂದಾಗ?"

ಅವಳು ಕೊಡವನ್ನು ದಡದ ಮೇಲಿಟ್ಟಳು.

"ನೋಡಿದ ಕೂಡಲೇ ಕಿವಿ ಗುರುತು ಹಿಡಿದೆ. ಇವರೇ ಅಂತ ಬುದ್ಧಿ ಹೇಳಿತು. ಇನ್ನೇನು ಮುಖವೂ ಒಳಗಿನಿಂದ ಬರುತ್ತದೆ, ಬಂದರೆ ಓಡಿ ಹೋಗಿ ಕಾಲು ಹಿಡಿಯೋಣ ಅಂತ ಕಾದೆ. ಬರಲಿಲ್ಲ. ಕಣ್ಣು ಮುಚ್ಚಿ ನನ್ನ ಗಂಡನನ್ನು ನೆನೆದರೆ ನೀವು ಮಾಡಿಕೊಟ್ಟ ಮುಖವೇ ಎದ್ದು ಬರುತ್ತದೆ. ದಿನಾ ಸಂಜೆ ಆ ಮುಖಕ್ಕೆ ದೀಪ ಹಚ್ಚಿದ್ದೇನೆ. ಇವರ ಮುಖಕ್ಕೆ ಒಂದು ದಿನವೂ ಹಚ್ಚಿಲ್ಲ." ಅವಳು ಬಗ್ಗಿ ಕೊಡ ತುಂಬಿಸಿದಳು. "ಅಂಬಲಿಯನ್ನು ನನ್ನ ಕೈಯಿಂದಲೇ ಹಾಕುತ್ತೇನೆ. ಅಷ್ಟು ಮಾತ್ರ ಇವರಿಗೆ ಕೊಡಲು ಆಗುತ್ತಿದೆ."

ಹೇಳಿ ಹೊರಟುಹೋದಳು.

ಫೋಟೋಗ್ರಾಫರ್‌ಗೆ ಉಳಿದಿದ್ದ ದಾರಿ ಒಂದೇ. ಸುಳ್ಳು ಪಟ ಮಾಡಿದ ಕೈಯಿಂದ ನಿಜವಾದ ಪಟ ಮಾಡಬೇಕು. ಅದನ್ನೂ ಗೋಡೆಗೆ ಹಾಕಿಸಬೇಕು. ಎದುರಿಗೆ ಇದ್ದರೆ ಎಂದಾದರೂ ಅವರ ಕಣ್ಣು ಅದಕ್ಕೆ ಒಗ್ಗೀತು. ಅವನು ಹುಲುಗಪ್ಪನನ್ನು ಹರಿಗೋಲಿನ ಅಂಚಿನ ಮೇಲೆ ಕೂರಿಸಿದ. ಕರಿ ಬಟ್ಟೆಯೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದ. ಈ ಸಲ ಪ್ಲೇಟಿನ ಮೇಲೆ ಕಡ್ಡಿ ಮುಟ್ಟಿಸಲಿಲ್ಲ, ಕಾಗದದ ಮೇಲೆ ಕುಂಚ ಮುಟ್ಟಿಸಲಿಲ್ಲ. ಹೊಳೆಯ ನೀರಲ್ಲಿ ತೊಳೆದು, ಒಣಗಿಸಿ, ಅವನ ಕೈಗೆ ಕೊಟ್ಟ. ಅಷ್ಟು ಒಳ್ಳೆಯ ಪಟವನ್ನು ತಾನು ಹಿಂದೆಂದೂ ತೆಗೆದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಹುಲುಗಪ್ಪ ಪಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಹತ್ತಿರ ಹಿಡಿದ, ದೂರ ಹಿಡಿದ. ಕಣ್ಣು ಕಿರಿದು ಮಾಡಿದ. ಕೊನೆಗೆ ತಲೆ ಎತ್ತಿ, ಮರ್ಯಾದೆಯಿಂದ ಕೇಳಿದ:

"ಇದು ಯಾರದು?"

"ನಿನ್ನದೇ. ಈಗ ತೆಗೆದದ್ದು."

ಹುಲುಗಪ್ಪ ಮತ್ತೊಮ್ಮೆ ನೋಡಿ ತಲೆಯಾಡಿಸಿದ.

"ಇಲ್ಲ ಸ್ವಾಮಿ. ನಾನು ಇವನಲ್ಲ. ನಾನು ಹೇಗಿದ್ದೇನೆ ಅಂತ ನನಗೆ ಗೊತ್ತಿಲ್ಲವೇ? ದಿನಾ ನೋಡುತ್ತೇನಲ್ಲ, ನಮ್ಮ ಮನೆಯ ಗೋಡೆಯ ಮೇಲೆ."

ಪಟವನ್ನು ಹಿಂದಕ್ಕೆ ಕೊಟ್ಟು, ಹುಟ್ಟು ಹಿಡಿದು, ಆಚೆ ದಡದಲ್ಲಿ ಕೂಗುತ್ತಿದ್ದವರನ್ನು ಕರೆತರಲು ಹೋದ.

ಫೋಟೋಗ್ರಾಫರ್ ಆ ಊರು ಬಿಟ್ಟ. ಪಟ ತೆಗೆಯುವ ಕೆಲಸವನ್ನು ಬಿಡಲಿಲ್ಲ, ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಆದರೆ ಆ ಹೊಳೆಯನ್ನು ಮತ್ತೆ ದಾಟಲಿಲ್ಲ. ಮುಂದೆ ಮುದುಕಿ ಸತ್ತಳು ಎಂದು ಯಾರೋ ದಾರಿಯಲ್ಲಿ ಸಿಕ್ಕಾಗ ಅವನಿಗೆ ಹೇಳಿದರು. ಅವಳನ್ನು ಮಣ್ಣು ಮಾಡಿದ ದಿನ ಮೊದಲ ಹಿಡಿ ಮಣ್ಣು ಹಾಕಿದವನು ಮನೆಯಲ್ಲಿದ್ದವನು. ಅವಳಿಗಾಗಿ ಗೋಳಾಡಿ ಅತ್ತವನೂ ಅವನೇ. ಆಚೆ ದಡದ ನೆಂಟರನ್ನು ದಾಟಿಸಿ ತಂದು, ಸಂಜೆ ಮತ್ತೆ ದಾಟಿಸಿ ಬಿಟ್ಟವನು ಹುಲುಗಪ್ಪ. ಆ ದಿನ ಯಾರ ಮನೆಯಲ್ಲಿ ಸಾವಾಗಿದೆ ಎಂದು ಅವನು ಆ ನೆಂಟರನ್ನೇ ಕೇಳಿದನಂತೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಇದು ಅಂಬಿಗರ ಮನೆಯ ಕತೆಯಾಯಿತು. ನಾನು ಕೇಳಿದ್ದು ನನ್ನ ಧ್ಯಾನದ ವಿಷಯ. ಅದಕ್ಕೆ ನಾನೇನು ಮಾಡಬೇಕು?"

ಗುರುಗಳು ಎದ್ದು ನಿಂತು ಹೇಳಿದರು: "ನಾಳೆ ನಿನ್ನೆದುರು ಬಂದು ಕೂತವನನ್ನು, ಕೈ ಮುಗಿಯುವ ಮೊದಲು, ಯಾವ ಊರಿನವನಪ್ಪಾ ನೀನು ಎಂದು ಒಮ್ಮೆ ಕೇಳು."